ಮಾಸ್ಕ್ ಕಟ್ಟುವ ಮುಂಚೆ ಕೈಯಲ್ಲಿ ಹಿಡಿಯುತ್ತೇನೆ

ನಾನು ಐಸಿಯು ನರ್ಸ್. ಆ ರಾತ್ರಿ ಬಂದ ಅಜ್ಜಿ ಒಂದು ಬೀಡಿಯನ್ನೂ ಸೇದಿದವರಲ್ಲ. ಆದರೆ ನಲವತ್ತು ವರ್ಷ ಸೌದೆ ಒಲೆ ಊದಿದವರು. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಕಷ್ಟವಾಗುವ ದೀರ್ಘಕಾಲದ ಕಾಯಿಲೆ. ನಿಮಿಷಕ್ಕೆ 36 ಉಸಿರು, ಒಂದು ಪದ ಆಡಿ ಮುಗಿಸುವಷ್ಟರಲ್ಲಿ ಏದುಸಿರು. ಎಬಿಜಿಯಲ್ಲಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ಪಿಎಚ್ 7.26ಕ್ಕೆ ಇಳಿದು ರಕ್ತ ಆಮ್ಲೀಯವಾಗಿತ್ತು, ಕಾರ್ಬನ್ ಡೈಆಕ್ಸೈಡ್ 78ಕ್ಕೆ ಏರಿತ್ತು. ಎಚ್ಚರ ಇತ್ತು, ವಾಂತಿ ಇರಲಿಲ್ಲ. ಹಾಗಾಗಿ ಗಂಟಲಿಗೆ ಟ್ಯೂಬ್ ಹಾಕುವ ಮುಂಚೆ ಬೈಪ್ಯಾಪ್, ಅಂದರೆ ಮುಖದ ಮಾಸ್ಕಿನಿಂದ ಒತ್ತಡದಲ್ಲಿ ಗಾಳಿ ಕೊಡುವ ಮಷಿನ್, ನೋಡೋಣ ಎಂದರು ಡಾಕ್ಟರ್.

ಹೊಸದರಲ್ಲಿ ನಾನು ಮಾಸ್ಕಿನ ಪಟ್ಟಿ ಬಿಗಿದು, ಮಷಿನ್ ಆನ್ ಮಾಡಿ, ಮಾನಿಟರ್ ನೋಡುತ್ತಾ ನಿಲ್ಲುತ್ತಿದ್ದೆ. ಮೊದಲೇ ಉಸಿರು ಸಿಗದವರ ಮುಖಕ್ಕೆ ಪ್ಲಾಸ್ಟಿಕ್ ಒತ್ತಿ ಗಾಳಿ ನುಗ್ಗಿಸಿದರೆ ಕಿತ್ತೆಸೆಯದೆ ಇನ್ನೇನು ಮಾಡುತ್ತಾರೆ? ಆಮೇಲೆ 'ಪೇಷೆಂಟ್ ಸಹಕರಿಸುತ್ತಿಲ್ಲ' ಅಂತ ಕೇಸ್ ಶೀಟಿನಲ್ಲಿ ಬರೆಯುವವರೂ ನಾವೇ!

ಈಗ ಪಟ್ಟಿ ಆಮೇಲೆ. ತಲೆಯ ಕಡೆ ಎತ್ತರಿಸಿ ಕೂರಿಸಿದೆ. ಒಳಗೆಳೆಯುವಾಗ 10, ಬಿಡುವಾಗ 5, ಅಷ್ಟೇ ಒತ್ತಡ. ಮಾಸ್ಕನ್ನು ಕೈಯಲ್ಲೇ ಹಿಡಿದು ಮುಖಕ್ಕೆ ತಂದೆ. "ಅಜ್ಜಿ, ನೀವು ಎಳೆದಾಗ ಗಾಳಿ ಬರುತ್ತೆ. ತಡೀಬೇಡಿ, ಬಿಟ್ಟುಬಿಡಿ." ಎರಡು ಸಲ ತಳ್ಳಿದರು. ತೆಗೆದೆ, ಮತ್ತೆ ಇಟ್ಟೆ. ಹತ್ತು ನಿಮಿಷ ಹೀಗೇ ಹೋಯಿತು. ಪಕ್ಕದ ಬೆಡ್ಡಿನ ಅಲಾರಂ ಕೂಗುತ್ತಿದ್ದರೆ ಈ ಹತ್ತು ನಿಮಿಷ ಹೊಂದಿಸುವುದೇ ಕಷ್ಟ.

ಉಸಿರು ಮಷಿನ್ನಿಗೆ ಹೊಂದಿಕೊಂಡ ಮೇಲೆ ಪಟ್ಟಿ ಕಟ್ಟಿದೆ. ಆದರೂ ಕೆನ್ನೆಯ ಹತ್ತಿರ ಬುಸ್ ಬುಸ್ ಅಂತ ಗಾಳಿ ಸೋರುತ್ತಿತ್ತು. ಸೋರಿದರೆ ಅವರು ಯಾವಾಗ ಉಸಿರೆಳೆದರು ಅನ್ನುವುದೇ ಮಷಿನ್ನಿಗೆ ಸರಿಯಾಗಿ ತಿಳಿಯುವುದಿಲ್ಲ. ಬಿಗಿದಷ್ಟೂ ಸೋರಿಕೆ ಜಾಸ್ತಿ. ಕೊನೆಗೆ ಹೊಳೆಯಿತು: ಹಲ್ಲಿನ ಸೆಟ್ ಮಗಳ ಬ್ಯಾಗಿನಲ್ಲಿತ್ತು! ಡಾಕ್ಟರನ್ನು ಕೇಳಿ ಹಾಕಿಸಿದೆ. ಗುಳಿಬಿದ್ದ ಕೆನ್ನೆ ತುಂಬಿತು, ಮಾಸ್ಕ್ ಕೂತಿತು. ಪೂರ್ತಿ ಎಚ್ಚರ ಇದ್ದವರಿಗೆ, ಅದೂ ಸೆಟ್ ಸಡಿಲ ಇಲ್ಲದಿದ್ದರೆ ಮಾತ್ರ ಇದು ಸರಿ.

ಒಳಗೆಳೆಯುವಾಗಿನ ಒತ್ತಡವನ್ನು ಮೆಲ್ಲಗೆ 16ಕ್ಕೆ ಏರಿಸಿದೆವು. "ಆಕ್ಸಿಜನ್ ಬರೀ 90 ಇದೆ, ಜಾಸ್ತಿ ಮಾಡಿ" ಅಂತ ಮಗನದ್ದು ಒಂದೇ ಸಮನೆ ಗಲಾಟೆ. ಇಂಥವರಿಗೆ 88ರಿಂದ 92 ಸಾಕು, ಅತಿಯಾಗಿ ಕೊಟ್ಟರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರುತ್ತದೆ ಅಂತ ಮೂರು ಸಲ ಹೇಳಬೇಕಾಯಿತು.

ಒಂದು ಗಂಟೆ ಬಿಟ್ಟು ಮತ್ತೆ ಎಬಿಜಿ: ಪಿಎಚ್ 7.31, ಕಾರ್ಬನ್ ಡೈಆಕ್ಸೈಡ್ 66. ಉಸಿರು 26ಕ್ಕೆ ಇಳಿದಿತ್ತು. ಟ್ಯೂಬ್ ಟ್ರೇ ಬೆಳಗಿನವರೆಗೂ ಪಕ್ಕದಲ್ಲೇ ಇತ್ತು, ತೆರೆಯಲಿಲ್ಲ.

ಬೆಳಗ್ಗೆ ಮಾಸ್ಕ್ ತೆಗೆದಾಗ ಮೂಗಿನ ದಿಂಡಿನ ಮೇಲೆ ಕೆಂಪು ಗೆರೆ. ಅಲ್ಲಿ ಪ್ಯಾಡ್ ಅಂಟಿಸುವುದನ್ನು ಮರೆತಿದ್ದೆ.