ಕಷಾಯದ ಪುಡಿಗೆ ತಕ್ಕ ಗ್ರೈಂಡರ್ ಆರಿಸುವುದು ಹೇಗೆ?

ಮಳೆಗಾಲ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಕಷಾಯದ ಪುಡಿಯ ಡಬ್ಬಿ ಬೇಗ ಬೇಗ ಖಾಲಿಯಾಗುತ್ತದೆ. ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳಲು ಗ್ರೈಂಡರ್ ಕೊಳ್ಳುವವರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಮೋಟಾರಿನ ವ್ಯಾಟ್ ಎಷ್ಟೆಂದು. ಅದಕ್ಕೂ ಮುಂಚೆ, ಪುಡಿಯಾಗಬೇಕಾದದ್ದು ಎಲೆಯೋ, ಕಾಳೋ, ಬೇರೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಮೂರಕ್ಕೂ ಸಮನಾಗಿ ಒಗ್ಗುವ ಉಪಕರಣವನ್ನು ಹುಡುಕುವುದು ವ್ಯರ್ಥ.

ಕಷಾಯಕ್ಕೆ ತರಿತರಿಯಾದ ಪುಡಿಯೇ ಲೇಸು. ತೀರಾ ನುಣ್ಣಗಾದರೆ ಸೋಸುವಾಗ ಜಾಲರಿಯಿಂದ ಇಳಿದು ಲೋಟದ ತಳದಲ್ಲಿ ಗಸಿಯಾಗುತ್ತದೆ, ಡಬ್ಬಿಯಲ್ಲಿಟ್ಟಾಗ ಪರಿಮಳವೂ ಬೇಗ ಹಾರಿಹೋಗುತ್ತದೆ. ಆದ್ದರಿಂದ ತರಿಯ ಗಾತ್ರ ನಮ್ಮ ಹಿಡಿತದಲ್ಲಿರುವಂಥ ಉಪಕರಣವನ್ನೇ ಆರಿಸಬೇಕು.

ತುಳಸಿ, ಪುದೀನ, ಮಜ್ಜಿಗೆ ಹುಲ್ಲಿನಂಥ ಒಣ ಎಲೆಗಳಿಗೆ ಕೈಯಿಂದ ತಿರುಗಿಸುವ ಹಲ್ಲಿನ ಗ್ರೈಂಡರ್ ಸೂಕ್ತ. ಎರಡೇ ಭಾಗದ್ದಕ್ಕಿಂತ, ಹಲ್ಲುಗಳ ಕೆಳಗೆ ರಂಧ್ರಗಳಿರುವ ಬಹುಭಾಗದ್ದು ಮೇಲು. ಅದರಲ್ಲಿ ಸರಿಯಾದ ಗಾತ್ರಕ್ಕೆ ಬಂದ ಚೂರು ತಾನಾಗಿ ಕೆಳಗಿಳಿಯುವುದರಿಂದ ಪುಡಿ ಒಂದೇ ಸಮ ಬರುತ್ತದೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಳ್ಳುವುದಾದರೂ, ಆನ್‌ಲೈನ್‌ನಲ್ಲಿ ತರಿಸುವುದಾದರೂ, ಲೋಹ ಯಾವುದೆಂದು ಕೇಳಿಯೇ ಮುಂದುವರಿಯಿರಿ. ಸ್ಟೇನ್‌ಲೆಸ್ ಸ್ಟೀಲ್ ಎಲ್ಲಕ್ಕಿಂತ ನಿಶ್ಚಿಂತೆ. ಅಗ್ಗದ ಸತುಮಿಶ್ರ ಲೋಹಕ್ಕೆ ಹೊಳಪಿನ ಲೇಪ ಕೊಟ್ಟಿದ್ದರೆ, ಆ ಲೇಪ ಕ್ರಮೇಣ ಸವೆದು ಪುಡಿಯೊಳಗೆ ಸೇರುವ ಅಪಾಯವಿದೆ. ಅಯಸ್ಕಾಂತ ಹಿಡಿದು ಪರೀಕ್ಷಿಸುವವರಿದ್ದಾರೆ. ಆದರೆ ಸ್ಟೀಲಿನಲ್ಲೇ ಅಂಟುವ ಬಗೆಯೂ ಅಂಟದ ಬಗೆಯೂ ಇರುವುದರಿಂದ, ಅಲ್ಯೂಮಿನಿಯಂ, ಸತುವು ಅಂಟದೇ ಇರುವುದರಿಂದ, ಆ ಪರೀಕ್ಷೆಯನ್ನು ನೆಚ್ಚುವಂತಿಲ್ಲ. ಮುಚ್ಚಳವನ್ನು ಖಾಲಿಯಾಗಿ ತಿರುಗಿಸಿ ನೋಡುವುದು ಹೆಚ್ಚು ಉಪಯುಕ್ತ: ಲೋಹ ಲೋಹಕ್ಕೆ ಉಜ್ಜಿ ಕರಕರ ಎಂದರೆ, ಇಲ್ಲವೇ ತಿರುಪು ಸಡಿಲವಿದ್ದರೆ ಅದನ್ನು ಅಲ್ಲೇ ಬಿಡಿ.

ಕೊತ್ತಂಬರಿ, ಜೀರಿಗೆ, ಕಾಳುಮೆಣಸಿಗೆ ಕಾಫಿ ಬೀಜ ಬೀಸುವ ಕೈಯಂತ್ರ ಚೆನ್ನಾಗಿ ಒದಗುತ್ತದೆ, ಏಕೆಂದರೆ ಅದರ ತಿರುಪಿನಿಂದ ತರಿಯನ್ನು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಕಾಫಿಗೂ ಮೆಣಸಿಗೂ ಒಂದೇ ಯಂತ್ರ ಬಳಸಿದರೆ ಏನಾಗುತ್ತದೆಂದು ಕಾಫಿಪ್ರಿಯ ಮಲೆನಾಡಿಗರಿಗೆ ವಿವರಿಸಬೇಕಿಲ್ಲ. ಮಿಕ್ಸಿಯೇ ಇದ್ದರೆ ಅದರ ಚಿಕ್ಕ ಒಣ ಜಾರ್ ಸಾಕು; ನಿರಂತರ ಓಡಿಸಿದಾಗ ಜಾರ್ ಬಿಸಿಯಾಗಿ ಸುಗಂಧ ತೈಲ ಆವಿಯಾಗುವುದರಿಂದ ಒಂದೆರಡು ಸೆಕೆಂಡು ತಿರುಗಿಸಿ, ನಿಲ್ಲಿಸಿ, ಅಲುಗಿಸಿ ಮತ್ತೆ ತಿರುಗಿಸಬೇಕು. ಒಣಶುಂಠಿ, ಜ್ಯೇಷ್ಠಮಧುವನ್ನು ಮಾತ್ರ ಮೊದಲು ಕುಟ್ಟಾಣಿಯಲ್ಲಿ ಜಜ್ಜಿಕೊಳ್ಳದೆ ಯಾವ ಯಂತ್ರಕ್ಕೂ ಹಾಕಬಾರದು.

ಎಷ್ಟು ಒಳ್ಳೆಯ ಗ್ರೈಂಡರ್ ತಂದರೂ ನಮ್ಮ ಕಡೆಯ ತೇವ ಅದನ್ನು ಸೋಲಿಸಬಲ್ಲದು. ಆಗುಂಬೆಯಂಥ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ಎಲೆಯೂ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಹಲ್ಲುಗಳ ನಡುವೆ ಅಂಟಿ ರಂಧ್ರಗಳನ್ನು ಮುಚ್ಚುತ್ತದೆ. ಎಲೆ ಬೆರಳ ನಡುವೆ ಗರಿಗರಿಯಾಗಿ ಪುಡಿಯಾಗದಿದ್ದರೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಿ. ಕೆಲಸ ಮುಗಿದ ನಂತರ ಹಲ್ಲುಗಳನ್ನು ಒಣ ಬ್ರಶ್‌ನಿಂದ ಉಜ್ಜಬೇಕು. ಕಾಳು ಬೀಸಿದ ಯಂತ್ರದಲ್ಲಿ ಒಂದು ಚಮಚ ಅಕ್ಕಿ ಬೀಸಿ ಚೆಲ್ಲಿದರೆ ಉಳಿದ ವಾಸನೆ ಬಹುಮಟ್ಟಿಗೆ ಹೋಗುತ್ತದೆ.