ಚಿರತೆ ಹೆಜ್ಜೆ ಕಂಡರೆ ಮೊದಲು ಫೋಟೋ ತೆಗೆದು ಬುಟ್ಟಿ ಮುಚ್ಚಿ

ಗಂಗಾವತಿ, ಆನೆಗೊಂದಿ ಕಡೆಯವರಿಗೆ: ಮನೆ ಹತ್ತಿರ ಚಿರತೆ ಹೆಜ್ಜೆ ಕಂಡರೆ ಅಳತೆ ಗೊತ್ತಾಗಲು ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ಫೋಟೋ ತೆಗೆಯಿರಿ, ಹೆಜ್ಜೆ ಅಳಿಸದಂತೆ ಮೇಲೆ ಬುಟ್ಟಿ ಬೋರಲು ಹಾಕಿ, ಆಮೇಲೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಸುಮ್ನೆ ಬಾಯಲ್ಲಿ ಹೇಳಿದರೆ 'ನಾಯಿ ಇರಬೇಕು ಬಿಡಿ' ಅನ್ನುತ್ತಾರೆ. ನಾಯಿ ಹೆಜ್ಜೆಯಲ್ಲಿ ಉಗುರಿನ ಗುರುತು ಇರುತ್ತದೆ, ಚಿರತೆಯದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಚಿರತೆ ಹಿಡಿಯಲು ಮೇಲಿನಿಂದ ಅನುಮತಿ ಬರಬೇಕು, ಫಾರೆಸ್ಟ್ ಗಾರ್ಡ್‌ಗೂ ಮೇಲಕ್ಕೆ ಕಳಿಸಲು ಪುರಾವೆ ಬೇಕಲ್ವಾ? ಅದೇ ಫೋಟೋ ಜೊತೆ ಅರಣ್ಯ ಕಚೇರಿಗೆ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ನಮ್ಮ ಬಂಡೆ ಜಾಗದಲ್ಲಿ ಹೆಜ್ಜೆ ಮೂಡುವುದಿಲ್ಲ. ಅಂಥ ಕಡೆ ಕುರಿ ಸತ್ತಿದ್ದರೆ ಅಲ್ಲೇ ಬಿಡಿ, ಹೂಳಬೇಡಿ. ಪರಿಹಾರಕ್ಕೂ ಅದೇ ಆಧಾರ. ಪ್ರಾಣಿ ಕಣ್ಣೆದುರೇ ಇದ್ದರೆ ಫೋಟೋ ಗೀಟೋ ಬೇಡ, ಒಳಗೆ ಹೋಗಿ ಬಾಗಿಲು ಹಾಕಿಕೊಂಡು 112ಕ್ಕೆ ಹೇಳಿ.