‘ನಾನು ದಯಮಾಡಿಸಿದೆ’: ಜಾವಾ ಭಾಷೆಯ ತರಗತಿಯಲ್ಲಿ ಹಿಂದಿನ ಬೆಂಚು

ಇಂಡೋನೇಷ್ಯಾದ ಜಾವಾ ದ್ವೀಪದ ಯೋಗ್ಯಕರ್ತಕ್ಕೆ ಹೋಗಿ ನಾಲ್ಕನೇ ತಿಂಗಳು. ಬಾಡಿಗೆ ಕೋಣೆಯ ಒಡತಿ, ಅರವತ್ತು ದಾಟಿದ ಹೆಂಗಸು, ಅಂಗಳ ಗುಡಿಸುತ್ತಾ ಕೇಳಿದರು: ‘ಸಂಪುನ್ ಡಹಾರ್, ಮಾಸ್?’ ಊಟ ಆಯಿತಾ ಅಂತ. ಮಾಸ್ ಅಂದರೆ ಅಣ್ಣ. ನಾವು ಹೂವಿನಂಗಡಿಯ ಹುಡುಗನನ್ನೂ ಅಣ್ಣಾ ಅನ್ನುವ ಹಾಗೆ ಅಲ್ಲಿ ತನಗಿಂತ ಚಿಕ್ಕವನೂ ಮಾಸ್. ನಾನು ಅಷ್ಟು ದಿನ ಕಲಿತ ವಿನಯವನ್ನೆಲ್ಲ ಒಟ್ಟು ಮಾಡಿ, ಬೆನ್ನು ತುಸು ಬಾಗಿಸಿ, ‘ಕುಲೊ ಸಂಪುನ್ ಡಹಾರ್, ಬೂ’ ಅಂದೆ, ನನ್ನ ಊಟ ಆಯಿತಮ್ಮಾ ಅಂತ. ಪೊರಕೆ ನಿಂತಿತು. ಅವರು ನಗಲಿಲ್ಲ. ‘ನೆಡೊ, ಮಾಸ್. ನೆಡೊ’ ಅಂದು ಮತ್ತೆ ಗುಡಿಸತೊಡಗಿದರು. ಪಕ್ಕದ ಕೋಣೆಯ ವಿದ್ಯಾರ್ಥಿ ಮಾತ್ರ ಬಾಗಿಲಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಕ್ಕ.

ಜಾವಾ ಭಾಷೆಯಲ್ಲಿ ‘ಉಣ್ಣು’ ಅನ್ನಲು ಮೂರು ಮಾತು. ಗೆಳೆಯರ ನಡುವೆ ‘ಮಙನ್’. ಅದು ಙೊಕೊ, ಸಲಿಗೆಯ ಮಟ್ಟ. ದೊಡ್ಡವರೊಡನೆ ಮಾತಾಡುವಾಗ ನನ್ನ ಊಟಕ್ಕೆ ‘ನೆಡೊ’. ಅದು ಕ್ರೊಮೊ, ನಮ್ಮ ‘ಕ್ರಮ’ವೇ, ಜಾವಾದ ಬಾಯಲ್ಲಿ ಗುಂಡಗಾಗಿದೆ. ಎದುರಿನ ಹಿರಿಯರ ಊಟಕ್ಕೆ ‘ಡಹಾರ್’. ಅದು ಕ್ರೊಮೊ ಇಂಗಿಲ್, ಎತ್ತರದ ಕ್ರಮ. ಈ ಮೂರನೆಯದನ್ನು ತನಗೆ ತಾನೇ ಬಳಸಿಕೊಳ್ಳುವಂತಿಲ್ಲ. ನಾನು ಹೇಳಿದ್ದು ಕನ್ನಡದಲ್ಲಾದರೆ, ನೆಂಟರ ಮನೆ ಬಾಗಿಲಲ್ಲಿ ನಿಂತು ‘ನಾನು ಈಗ ತಾನೇ ದಯಮಾಡಿಸಿದೆ’ ಅಂದಂತೆ. ಕನ್ನಡದಲ್ಲಿ ಇಂಥ ಮಾತು ಹತ್ತಿಪ್ಪತ್ತು ಇರಬಹುದು. ಅಲ್ಲಿ ಮಲಗುವುದು, ಹೋಗುವುದು, ಮನೆ, ತಲೆ, ಕೈ ಎಲ್ಲಕ್ಕೂ ಮಟ್ಟ ಬೇರೆ, ಮಾತು ಬೇರೆ.

(ಒಂದು ಲಾಭವೂ ಆಯಿತು. ನಮ್ಮ ವರ್ಣಮಾಲೆಯಲ್ಲಿ ಬಾಯಿಪಾಠಕ್ಕಷ್ಟೇ ಕೂತಿದ್ದ ಙ ಮತ್ತು ಞ ಅಲ್ಲಿ ದಿನಗೂಲಿ ಮಾಡುತ್ತವೆ. ಪದದ ಮೊದಲಲ್ಲೇ ಬಂದು ಕೂರುತ್ತವೆ.)

ಬೆಂಗಳೂರಿನಲ್ಲಿ ನಾನು ಹೊರರಾಜ್ಯದವರಿಗೆ ಕನ್ನಡ ಕಲಿಸುತ್ತಿದ್ದೆ. ಇಂಡೋನೇಷ್ಯಾ ಸರ್ಕಾರ 1974ರಿಂದ ಕೊಡುತ್ತಿರುವ ದರ್ಮಸಿಸ್ವಾ ವಿದ್ಯಾರ್ಥಿವೇತನದಲ್ಲಿ ಒಂದು ವರ್ಷ ಭಾಷೆ ಕಲಿಯಲು ಹೋದೆ. ಮರಳಿ ಬಂದು, ಸಂಶೋಧನೆಗೆ ಹೆಸರು ನೋಂದಾಯಿಸಿ, ಎರಡನೇ ಸಲ ಹೋದಾಗ ಕೈಯಲ್ಲಿ ಅಚ್ಚುಕಟ್ಟಾದ ಯೋಜನೆಯಿತ್ತು: ಮಾಧ್ಯಮಿಕ ಶಾಲೆಗಳಲ್ಲಿ ಮಚಪಾತ್ ಎಂಬ ಜಾವಾ ಛಂದಸ್ಸಿನ ಪದ್ಯ ಹೇಗೆ ಕಲಿಸುತ್ತಾರೆ ಎಂಬುದರ ಅಧ್ಯಯನ. ಮೂವತ್ತು ಪ್ರಶ್ನೆಗಳ ಒಂದು ಪ್ರಶ್ನಾವಳಿಯೂ ಇತ್ತು. ಅದರ ಕಥೆ ಮುಂದೆ ಬರುತ್ತದೆ.

ಮೊದಲು ಕಾಗದಪತ್ರ. ವಿದೇಶಿ ಸಂಶೋಧಕನಿಗೆ ಕೇಂದ್ರದ ಪರವಾನಗಿ ಬೇಕು, ಅದರ ಮೇಲೆ ಪ್ರಾಂತ್ಯದ ಪತ್ರ, ಅದರ ಮೇಲೆ ಜಿಲ್ಲೆಯದು, ಕೊನೆಗೆ ಶಾಲೆಯದು. ಒಂದು ಕಚೇರಿಯಲ್ಲಿ ನನ್ನ ಕಡತ ಕಳೆದೇ ಹೋಯಿತು. ಏಳು ವಾರದ ನಂತರ ಹೊಸದಾಗಿ ಕೊಟ್ಟೆ. ಹೋಗುವವರಿಗೆ ಒಂದೇ ಮಾತು: ಪ್ರತಿ ಪತ್ರದ ಐದೈದು ಪ್ರತಿ ಇಟ್ಟುಕೊಳ್ಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಿಟಕಿ ಬಿಟ್ಟು ಕದಲಬೇಡಿ. ಅಷ್ಟು ಸಾಕು ಅದರ ಬಗ್ಗೆ.

ಕಾಯುವ ಆ ವಾರಗಳಲ್ಲಿ ಲಿಪಿ ಕಲಿತೆ. ಜಾವಾ ಲಿಪಿಯ ತಾಯಿಬೇರು ದಕ್ಷಿಣ ಭಾರತದ ಪಲ್ಲವ ಲಿಪಿಯಲ್ಲಿದೆ. ಹಾಗಾಗಿ ಕನ್ನಡದವನಿಗೆ ಅದು ದೂರದ ದಾಯಾದಿಯ ಮುಖ ಕಂಡ ಹಾಗೆ. ಮೂಲಾಕ್ಷರ 20. ಹ ನ ಚ ರ ಕ, ದ ತ ಸ ವ ಲ ಎಂದು ಶುರುವಾಗುವ ಸಾಲು; ಓದುವಾಗ ಹೊ ನೊ ಚೊ ರೊ ಕೊ. ಒಂದರ ಮುಂದೊಂದು ಓದುತ್ತಾ ಹೋದರೆ ಅದೇ ಕಥೆಯಾಗುತ್ತದೆ: ಇಬ್ಬರು ದೂತರಿದ್ದರು, ಜಗಳವಾಯಿತು, ಇಬ್ಬರೂ ಸರಿಸಮ, ಇಬ್ಬರೂ ಹೆಣವಾದರು. ಅಜಿ ಸಾಕಾ ಎಂಬ ಐತಿಹ್ಯದ ರಾಜ ತನ್ನ ಇಬ್ಬರು ನಂಬಿಗಸ್ತ ಸೇವಕರಿಗೆ ಒಂದಕ್ಕೊಂದು ತಾಳೆಯಾಗದ ಆಜ್ಞೆ ಕೊಟ್ಟು ಮಾಡಿದ ಎಡವಟ್ಟು ಅದು. ಮಕ್ಕಳು ಅಕ್ಷರ ಕಲಿಯುವಾಗಲೇ ಎರಡು ಸಾವು ಕಲಿಯುತ್ತಾರೆ.

ಒತ್ತಕ್ಷರಕ್ಕೆ ಅವರಲ್ಲಿ ‘ಪಸಾಙನ್’ ಅನ್ನುತ್ತಾರೆ, ಜೋಡಿ ಅಂತ. ನಮ್ಮಂತೆಯೇ ಹೆಚ್ಚಿನವು ಕೆಳಗೆ ಕೂರುತ್ತವೆ. ಅರ್ಕಾವತ್ತಿನ ದಾಯಾದಿಗೆ ‘ಲಾಯರ್’ ಎಂಬ ಹೆಸರು, ಅಂದರೆ ಹಾಯಿ. ಅಕ್ಷರದ ತಲೆಯ ಮೇಲೆ ಏರಿರುತ್ತದೆ. ನನಗೆ ತುಂಬ ಹಿಡಿಸಿದ್ದು ಮಹಾಪ್ರಾಣಗಳ ಪಾಡು. ಜಾವಾ ಭಾಷೆಯಲ್ಲಿ ಮಹಾಪ್ರಾಣದ ಉಚ್ಚಾರವಿಲ್ಲ. ಆದರೆ ಸಂಸ್ಕೃತದ ಜೊತೆ ಬಂದ ಖ, ಘ, ಭ ಮುಂತಾದವನ್ನು ಅವರು ಎಸೆಯಲಿಲ್ಲ. ‘ಮುರ್ದಾ’ ಎಂದು ಕರೆದು ದೊಡ್ಡವರ ಹೆಸರು ಬರೆಯುವಾಗ ಬಳಸಿದರು. ಉಸಿರು ಹೋಯಿತು, ಗೌರವ ಉಳಿಯಿತು. ಮಹಾಪ್ರಾಣ ಬೇಕೋ ಬೇಡವೋ ಎಂದು ಜಗಳವಾಡುವ ನಮ್ಮವರು ಒಮ್ಮೆ ನೋಡಬೇಕಾದ ಏರ್ಪಾಡು.

ಹಸ್ತಪ್ರತಿ ನೋಡುವಾಗ ಇನ್ನೊಂದು ಹೆಸರು ಎದುರಾಯಿತು. 1812ರ ಜೂನ್‌ನಲ್ಲಿ ಬ್ರಿಟಿಷರು ಯೋಗ್ಯಕರ್ತದ ಅರಮನೆಗೆ ನುಗ್ಗಿ ಅಲ್ಲಿನ ಗ್ರಂಥಭಂಡಾರವನ್ನು ಹೊತ್ತೊಯ್ದರು. ಆ ಪ್ರತಿಗಳನ್ನು ಪಡೆದ ಅಧಿಕಾರಿಗಳಲ್ಲಿ ಒಬ್ಬ ಕಾಲಿನ್ ಮೆಕೆಂಜಿ. ಹೌದು, ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದು, ಊರೂರಿನ ಕೈಫಿಯತ್ತು ಬರೆಸಿಕೊಂಡ ಅದೇ ಮೆಕೆಂಜಿ. ನಮ್ಮಲ್ಲಿ ಅವನನ್ನು ಕೃತಜ್ಞತೆಯಿಂದ ನೆನೆಯುತ್ತೇವೆ. ಅಲ್ಲಿ ಆ ಹೆಸರಿಗೆ ಲೂಟಿಯ ವಾಸನೆಯಿದೆ. 2019ರಲ್ಲಿ ಬ್ರಿಟಿಷ್ ಲೈಬ್ರರಿ 75 ಹಸ್ತಪ್ರತಿಗಳ ಡಿಜಿಟಲ್ ನಕಲನ್ನು ಸುಲ್ತಾನರಿಗೆ ಕೊಟ್ಟಿತು. ಮೂಲಗಳು ಲಂಡನ್ನಿನಲ್ಲೇ ಇವೆ.

ಇನ್ನು ಶಾಲೆ. ಯೋಗ್ಯಕರ್ತದ ದಕ್ಷಿಣಕ್ಕೆ ಬಂಟುಲ್ ಜಿಲ್ಲೆಯ ಒಂದು ಮಾಧ್ಯಮಿಕ ಶಾಲೆ. ಗವರ್ನರ್ ಆದೇಶದ ಮೇಲೆ (ಅಲ್ಲಿ ಗವರ್ನರ್ ಅಂದರೆ ಸುಲ್ತಾನರೇ) 2013ರಿಂದ ಆ ಪ್ರಾಂತ್ಯದ ಶಾಲೆಗಳಲ್ಲಿ ಜಾವಾ ಭಾಷೆ ಕಡ್ಡಾಯ. ನಾನಿದ್ದ ಶಾಲೆಯಲ್ಲಿ ವಾರಕ್ಕೆ 40 ನಿಮಿಷದ ಎರಡು ಅವಧಿ. ಉಳಿದ ಪಾಠವೆಲ್ಲ ಇಂಡೋನೇಷ್ಯನ್ ಭಾಷೆಯಲ್ಲಿ.

ಪ್ರಶ್ನಾವಳಿ ಹಂಚಿದೆ. ‘ನಿಮಗೆ ಜಾವಾ ಭಾಷೆ ಇಷ್ಟವೇ?’ ಎಲ್ಲರೂ ಇಷ್ಟ. ‘ಮನೆಯಲ್ಲಿ ಹಿರಿಯರೊಡನೆ ಕ್ರೊಮೊ ಬಳಸುತ್ತೀರಾ?’ ಎಲ್ಲರೂ ಬಳಸುತ್ತಾರೆ. ವಿದೇಶದಿಂದ ಬಂದ ಅತಿಥಿಯ ಮನಸ್ಸು ನೋಯಿಸಬಾರದೆಂದು ಮೂವತ್ತೂ ಪ್ರಶ್ನೆಗೆ ಚಂದದ ಉತ್ತರ. ಅದೇ ಮಕ್ಕಳು ಗೇಟಿನಾಚೆ ಅಜ್ಜಿಯರೊಡನೆ ಇಂಡೋನೇಷ್ಯನ್‌ನಲ್ಲಿ ಮಾತಾಡುವುದನ್ನು ನಾನು ದಿನಾ ಕೇಳುತ್ತಿದ್ದೆ. ಆ ಕಾಗದಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಸಂಶೋಧನೆ ಶುರುವಾದದ್ದು ಅವತ್ತು.

ಬದಲಿಗೆ ಹಿಂದಿನ ಬೆಂಚಿನಲ್ಲಿ ಕೂತೆ. ಒಪ್ಪಿಗೆ ಪಡೆದು ತರಗತಿಯ ಧ್ವನಿ ಮುದ್ರಿಸಿಕೊಂಡೆ, ರಾತ್ರಿ ಕೂತು ಬರೆದುಕೊಂಡೆ. 40 ನಿಮಿಷದ ಪಾಠಕ್ಕೆ ಎರಡು ರಾತ್ರಿ. ಬರೆದದ್ದು ಕನ್ನಡ ಲಿಪಿಯಲ್ಲಿ. ಇದು ಹಟವಲ್ಲ, ಅನುಕೂಲ. ಜಾವಾ ಭಾಷೆಯಲ್ಲಿ ದ ಬೇರೆ, ಡ ಬೇರೆ. ತ ಬೇರೆ, ಟ ಬೇರೆ. ‘ವೆದಿ’ ಅಂದರೆ ಹೆದರಿಕೆ, ‘ವೆಡಿ’ ಅಂದರೆ ಮರಳು. ರೋಮನ್ ಅಕ್ಷರದಲ್ಲಿ ಒಂದು ಎಚ್ ಸೇರಿಸಿ ಬೇರ್ಪಡಿಸಬೇಕು, ಮಕ್ಕಳು ಅದನ್ನು ಮರೆಯುತ್ತಾರೆ. ಜಕಾರ್ತಾದಿಂದ ಬಂದ ಸಹಪಾಠಿಗೆ ಕೇಳಿಸದ ಈ ವ್ಯತ್ಯಾಸ ನನ್ನ ಕಿವಿಗೆ ಮೊದಲ ದಿನವೇ ಕೇಳಿಸಿತು. ಕನ್ನಡಕ್ಕಿಲ್ಲದ ಒಂದೇ ಸ್ವರವೆಂದರೆ ಅವರ ‘ಪೆಪೆತ್’, ಬಾಯಿ ಅರ್ಧ ತೆರೆದು ಬಿಡುವ ಎ. ಅದಕ್ಕೆ ಅಕ್ಷರದ ಮೇಲೆ ಒಂದು ಸೊನ್ನೆ ಹಾಕಿಕೊಂಡೆ.

ಬರೆದುಕೊಂಡದ್ದರಲ್ಲಿ ಶಿಕ್ಷಕಿ ತಿದ್ದಿದ ಕಡೆಯೆಲ್ಲ ಬಣ್ಣ ಹಚ್ಚಿದೆ. ಉಚ್ಚಾರ ತಿದ್ದಿದರೆ ನೀಲಿ, ಅಕ್ಷರಕ್ಕೆ ಹಸಿರು, ಮಾತಿನ ಮಟ್ಟ ತಿದ್ದಿದರೆ ಕೆಂಪು. ಪುಟ ಕೆಂಪಾಯಿತು. ಕೆಂಪು ಬಿದ್ದ ಕಡೆಯೆಲ್ಲ ಮುಂದೆ ಒಂದೇ ಸಂಗತಿ ನಡೆಯುತ್ತಿತ್ತು: ಮಗು ಆ ವಾಕ್ಯವನ್ನು ಅಲ್ಲೇ ಬಿಟ್ಟು ಇಂಡೋನೇಷ್ಯನ್‌ಗೆ ಜಿಗಿಯುತ್ತಿತ್ತು. ನೀಲಿ, ಹಸಿರಿನ ನಂತರ ಹೀಗಾದದ್ದು ಬಹಳ ಕಡಿಮೆ. ಉಚ್ಚಾರ ತಪ್ಪಿದರೆ ತಪ್ಪು, ಅಷ್ಟೇ. ಮಟ್ಟ ತಪ್ಪಿದರೆ ಮಗು ಒರಟ. ತಿಳಿವಳಿಕೆ ಬಾರದ ಮಗುವನ್ನು ಅಲ್ಲಿ ‘ದುರುಂಗ್ ಜಾವಾ’ ಅನ್ನುತ್ತಾರೆ, ಇನ್ನೂ ಜಾವಾ ಆಗಿಲ್ಲ ಅಂತ. ಹದಿಮೂರು ವರ್ಷದ ಹುಡುಗನಿಗೆ ಹಾಗೆ ಅನ್ನಿಸಿಕೊಳ್ಳುವುದು ಬೇಕಿರಲಿಲ್ಲ.

ಇಂಡೋನೇಷ್ಯನ್‌ನಲ್ಲಿ ಆ ಭಯವಿಲ್ಲ. 1928ರ ಅಕ್ಟೋಬರ್ 28ರಂದು ಯುವಕರು ಪ್ರತಿಜ್ಞೆ ಮಾಡಿದಾಗ, ಅತಿ ಹೆಚ್ಚು ಜನ ಆಡುತ್ತಿದ್ದ ಜಾವಾ ಭಾಷೆಯನ್ನು ಬಿಟ್ಟು, ಬಂದರುಗಳ ವ್ಯಾಪಾರದ ಭಾಷೆಯಾಗಿದ್ದ ಮಲಯವನ್ನು ಒಗ್ಗಟ್ಟಿನ ಭಾಷೆಯಾಗಿ ಆರಿಸಿಕೊಂಡರು. ಅದೇ ಇಂದಿನ ಇಂಡೋನೇಷ್ಯನ್. ಅದರಲ್ಲಿ ರಾಜನೂ ತಿನ್ನುತ್ತಾನೆ, ಆಳೂ ತಿನ್ನುತ್ತಾನೆ, ಒಂದೇ ‘ಮಾಕನ್’. ಕೀಳರಿಮೆಯಿಲ್ಲದೆ ಉಸಿರಾಡಬಹುದಾದ ಭಾಷೆ ಪಕ್ಕದಲ್ಲೇ ಇರುವಾಗ ಮಕ್ಕಳು ಅಲ್ಲಿಗೆ ಓಡದೆ ಇನ್ನೇನು ಮಾಡಿಯಾರು? ನನಗೆ ಪೊರಕೆ ಹಿಡಿದ ನನ್ನ ಒಡತಿ ನೆನಪಾದರು. ಅವರು ತಿದ್ದಿದ ಮೇಲೆ ಒಂದು ವಾರ ನಾನೂ ಅವರೊಡನೆ ಜಾವಾ ಆಡಿರಲಿಲ್ಲ.

ಶಿಕ್ಷಕಿಯ ಮುಂದೆ ಕೆಂಪು ಪುಟಗಳನ್ನು ಇಟ್ಟೆ. ನನ್ನ ಜೀವನದ ಅತಿ ಕಷ್ಟದ ಹದಿನೈದು ನಿಮಿಷ ಅದು. ಅವರು ಮೌನವಾಗಿ ನೋಡಿ, ‘ಹಾಗಾದರೆ ತಿದ್ದದೆ ಬಿಡಲೇ? ಪರೀಕ್ಷೆಯಲ್ಲಿ ಙೊಕೊ ವಾಕ್ಯ ಕೊಟ್ಟು ಕ್ರೊಮೊಗೆ ಬದಲಾಯಿಸಿ ಅಂತ ಕೇಳುತ್ತಾರಲ್ಲ?’ ಅಂದರು. ಸರಿಯಾದ ಪ್ರಶ್ನೆ. ನನ್ನ ಹತ್ತಿರ ಉತ್ತರವಿರಲಿಲ್ಲ.

ಮೊದಲು ಪದ್ಯದಲ್ಲಿ ಪ್ರಯತ್ನಿಸಿದೆವು. ಮಚಪಾತ್‌ನಲ್ಲಿ ಹನ್ನೊಂದು ಬಗೆ. ಪ್ರತಿಯೊಂದಕ್ಕೂ ಎಷ್ಟು ಸಾಲು, ಸಾಲಿಗೆ ಎಷ್ಟು ಅಕ್ಷರ, ಕೊನೆಗೆ ಯಾವ ಸ್ವರ ಎಂಬ ನಿಯಮವಿದೆ. ಚಿಕ್ಕವುಗಳಲ್ಲಿ ಒಂದು ಪೊಚುಂಗ್, ನಾಲ್ಕೇ ಸಾಲು: 12 ಅಕ್ಷರ ಮುಗಿದು ಉ, 6ಕ್ಕೆ ಅ, 8ಕ್ಕೆ ಇ, 12ಕ್ಕೆ ಅ. ಷಟ್ಪದಿಯ ಮಾತ್ರೆ ಎಣಿಸಿ ಬೆರಳು ಸವೆಸಿಕೊಂಡವನಿಗೆ ಇದು ಆಟ. ವ್ಯತ್ಯಾಸವೆಂದರೆ ನಾವು ಪ್ರಾಸಕ್ಕೆ ಸಾಲಿನ ಎರಡನೇ ಅಕ್ಷರ ನೋಡುತ್ತೇವೆ, ಅವರು ಕೊನೆಯ ಸ್ವರ ನೋಡುತ್ತಾರೆ. ಪೊಚುಂಗ್‌ನಲ್ಲಿ ಒಗಟು ಹೇಳುವುದು ಹಳೆಯ ರೂಢಿ. ಮಕ್ಕಳು ತಾವೇ ಕಟ್ಟಿದರು: ಹೆಲ್ಮೆಟ್ಟಿನ ಮೇಲೆ, ವೈಫೈ ಮೇಲೆ, ‘ಮೆಲೊನ್’ ಎಂದು ಕರೆಸಿಕೊಳ್ಳುವ ಮೂರು ಕೆಜಿಯ ಹಸಿರು ಗ್ಯಾಸ್ ಸಿಲಿಂಡರಿನ ಮೇಲೆ. ತರಗತಿ ಗಲಗಲ ಎಂದಿತು. ಆದರೆ ಒಗಟಿನಲ್ಲಿ ಯಾರೂ ಯಾರಿಗೂ ತಲೆಬಾಗಿ ಮಾತಾಡಬೇಕಿಲ್ಲವಲ್ಲ. ಹೆದರಿಕೆ ಹೋಯಿತು, ಜೊತೆಗೆ ಕ್ರೊಮೊ ಕೂಡ ಹೋಯಿತು.

ದಾರಿ ತೋರಿಸಿದವನು ಭೀಮ. ವಾಯಾಂಗ್ ತೊಗಲುಗೊಂಬೆಯಾಟದಲ್ಲಿ ಅವನು ಬೀಮೊ ಅಥವಾ ವೆರ್ಕುದೊರೊ, ಅಂದರೆ ವೃಕೋದರ. ಕೃಷ್ಣನಿರಲಿ, ಅಣ್ಣ ಧರ್ಮರಾಯನಿರಲಿ, ಎಲ್ಲರಿಗೂ ಙೊಕೊ. ಅವನು ಕ್ರೊಮೊ ಆಡುವುದು ಕಡಲಾಳದಲ್ಲಿ ಸಿಕ್ಕುವ ಹೆಬ್ಬೆರಳುದ್ದದ ಗುರು ದೇವರುಚಿಯ ಮುಂದೆ ಮಾತ್ರ. ಅರ್ಜುನ ಹಾಗಲ್ಲ, ಅಳೆದು ಆಡುವವನು. ‘ರಟ್ಟಿನ ಗೊಂಬೆ ಕತ್ತರಿಸೋಣ, ಮಾತು ಗೊಂಬೆಯದು, ತಪ್ಪೂ ಗೊಂಬೆಯದೇ’ ಎಂದರು ಶಿಕ್ಷಕಿ. ಉಪಾಯ ನನ್ನದೆಂದು ಪ್ರಬಂಧದಲ್ಲಿ ಬರೆದುಕೊಳ್ಳಬಹುದಿತ್ತು, ಅವರದೇ ಅದು.

ಮೊದಲ ವಾರ ಎಲ್ಲ ಹುಡುಗರಿಗೂ ಭೀಮನೇ ಬೇಕು. ಅರ್ಜುನನಿಗೆ ಗಿರಾಕಿಯಿಲ್ಲ. ಸರದಿ ಹಾಕಿದೆವು. ಭೀಮ ಏಕವಚನದಲ್ಲಿ ಗುಡುಗಿದ್ದನ್ನೇ ಅರ್ಜುನ ಕೃಷ್ಣನಿಗೆ ಒಪ್ಪವಾಗಿ ಮರುನುಡಿಯಬೇಕು. ಪರೀಕ್ಷೆಯ ‘ಬದಲಾಯಿಸಿ’ ಪ್ರಶ್ನೆಯೇ ಇದು, ಆದರೆ ಈಗ ಅದಕ್ಕೊಂದು ಮುಖವಿತ್ತು. ಅರ್ಜುನ ತಪ್ಪಿದರೆ ತಿದ್ದುವುದು ಶಿಕ್ಷಕಿಯಲ್ಲ, ಕೃಷ್ಣನ ಗೊಂಬೆ ಹಿಡಿದವಳು. ಎರಡನೇ ಸೆಮಿಸ್ಟರಿನ ಮುದ್ರಿಕೆಗಳಲ್ಲಿ ಕೆಂಪು ಕಡಿಮೆಯಾಗಲಿಲ್ಲ. ಕೆಂಪಿನ ನಂತರದ ವಾಕ್ಯ ಮಾತ್ರ ಹೆಚ್ಚಿನ ಸಲ ಜಾವಾದಲ್ಲೇ ಮುಂದುವರಿಯಿತು. ಒಂದೇ ತರಗತಿ, ಒಬ್ಬರೇ ಶಿಕ್ಷಕಿ. ಇದಕ್ಕಿಂತ ದೊಡ್ಡ ಮಾತು ಆಡಲು ನನಗೆ ಹಕ್ಕಿಲ್ಲ. ಗೊಂಬೆ ಕೆಳಗಿಟ್ಟು ಮನೆಗೆ ಹೋದ ಹುಡುಗ ಅಜ್ಜಿಯೊಡನೆ ಯಾವ ಭಾಷೆ ಆಡಿದ? ಅದನ್ನು ಮುದ್ರಿಸಿಕೊಳ್ಳುವ ಒಪ್ಪಿಗೆ ನನಗಿರಲಿಲ್ಲ. ಮತ್ತೆ ಮಾಡುವುದಾದರೆ ಶಾಲೆಯಿಂದಲ್ಲ, ಆ ಅಂಗಳಗಳಿಂದ ಶುರು ಮಾಡುತ್ತೇನೆ.

ಬರೆಯುವಾಗ ಸಂಸ್ಕೃತ ಮೂಲದ ಪದಗಳು ಕಾಲೆಳೆದವು. ಇಂಡೋನೇಷ್ಯನ್‌ನಲ್ಲಿ ‘ಸಾಸ್ತ್ರಾ’ ಅಂದರೆ ಸಾಹಿತ್ಯ, ‘ಅಚಾರಾ’ ಅಂದರೆ ಕಾರ್ಯಕ್ರಮ, ‘ಬಿಚಾರಾ’ ಅಂದರೆ ಮಾತಾಡು. ‘ಸೆಂಗ್ಸಾರಾ’ ಅಂದರೆ ಕಷ್ಟಕಾರ್ಪಣ್ಯ, ಸಂಸಾರದಿಂದಲೇ ಬಂದದ್ದು. ಇದನ್ನು ಕೇಳಿ ನಮ್ಮ ಮಾವ ಒಂದು ದಿನವಿಡೀ ನಕ್ಕರು.

ಕನ್ನಡ ಲಿಪಿಯ ಹಟಕ್ಕೆ ದಂಡ ತೆರುತ್ತಿರುವುದು ಈಗ. ಮುದ್ರಿಕೆಯ ಬರಹವನ್ನು ಎಲ್ಲರೂ ಓದುವಂತೆ ರೋಮನ್ ಅಕ್ಷರದಲ್ಲಿ ಕೊಡಬೇಕೆಂದು ಮಾರ್ಗದರ್ಶಕರು ಹೇಳಿದ್ದಾರೆ, ಅದು ನ್ಯಾಯವೇ. ಹನ್ನೊಂದು ನೋಟ್‌ಬುಕ್‌ಗಳಲ್ಲಿ ಏಳು ಮುಗಿದಿವೆ. ಎಂಟನೆಯದಕ್ಕೆ ಜನವರಿಯ ಮಳೆ ಬಿದ್ದು ಶಾಯಿ ಹರಡಿದೆ. ಅದರಲ್ಲಿ ಒಂದು ಸಾಲು: ಅರ್ಜುನನ ಗೊಂಬೆ ಹಿಡಿದ ಹುಡುಗ ತಡವರಿಸಿ ಏನೋ ಅಂದಿದ್ದಾನೆ. ನಡುವಿನ ಅಕ್ಷರ ದ ಇದೆಯೋ ಡ ಇದೆಯೋ ಕಾಣುತ್ತಿಲ್ಲ. ‘ಹೆದರಿಕೆ’ ಅಂದನೋ, ‘ಮರಳು’ ಅಂದನೋ? ಧ್ವನಿ ಹಾಕಿ ಕೇಳಬೇಕು.